ಕಹಿ ಕೈ

ಹುಣಸೂರಿನ ಸುತ್ತ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು ಮನೆಗಳು ಆಗಷ್ಟೇ ತಲೆಯೆತ್ತುತ್ತಿದ್ದ ಕಾಲ. ಚೊಚ್ಚಲ ಬಾಣಂತನ ಮುಗಿಸಿದ ಚೆನ್ನಿ ಎಲೆಗಳನ್ನು ಕಡ್ಡಿಗೆ ಕಟ್ಟುವ ಕೂಲಿಗೆ ಹೋಗತೊಡಗಿದ್ದಳು. ಸಂಜೆ ಮನೆಗೆ ಬಂದರೆ ಅವಳಿಗೊಂದೇ ಸಂಕಟ. ಅತ್ತೆಯ ತೊಡೆಯ ಮೇಲೆ ಕೇಕೆ ಹಾಕುತ್ತಿದ್ದ ಕೂಸು, ಅವಳು ಎತ್ತಿಕೊಂಡು ಮೊಲೆಗೆ ಹಚ್ಚಿದ ಕೂಡಲೇ ಮುಖ ಕಿವುಚಿ, ಸೂರು ಹಾರಿಹೋಗುವಂತೆ ಕಿರುಚುತ್ತಿತ್ತು. ಕೊನೆಗೊಂದು ದಿನ ಅವಳೂ ಅತ್ತೇಬಿಟ್ಟಳು.

"ನಂಗೆ ಮಗೀನ ಸಾಕೋ ಯೋಗ್ತೆ ಇಲ್ಲ ಕಣತ್ತೆ. ನೀವೇ ಸಾಕ್ಕಳಿ."

ಅತ್ತೆ ಚಿಕ್ಕಮಾದಮ್ಮ ಸೊಸೆಯ ಕಪ್ಪುಗಟ್ಟಿದ ಬೆರಳನ್ನು ನಾಲಿಗೆಗೆ ತಾಗಿಸಿ, ಥೂ ಎಂದು ಉಗಿದರು.

"ಅಯ್ಯೋ ಪೆದ್ದೀ, ಒಗೆಸೊಪ್ಪಿನ ಅಂಟು ಕಣೇ! ಬರೀ ನೀರಿಗೆ ಓಯ್ತದಾ ಇದು? ಈ ಕೈಲಿ ಎದೆ ಮುಟ್ಟುದ್ರೆ ಕೂಸು ಎಂಗೆ ಕುಡ್ದಾತು?"

ಹುಣಸೆಹಣ್ಣು ಹಚ್ಚಿ, ತಾವೇ ಉಜ್ಜಿ ಉಜ್ಜಿ ತೊಳೆದರು. ಕೂಸು ಲೊಚಲೊಚನೆ ಕುಡಿಯಿತು.

"ಸೊರಗೋಗಿದ್ದೀಯ. ನಾಳೀಕೆ ನೀನು ಮನೇಲಿರು, ಸೊಪ್ಪು ಕಟ್ಟಾಕೆ ನಾನೋಯ್ತೀನಿ," ಎಂದರು.

ಮಾರನೆಯ ಸಂಜೆ ಕೆಲಸದಿಂದ ಬಂದವರೇ ಚಿಕ್ಕಮಾದಮ್ಮ "ಬಾ ನನ್ ಬಂಗಾರ" ಎಂದು ಮೊಮ್ಮಗನನ್ನು ಎತ್ತಿಕೊಂಡರು. ಅವನು ಅಜ್ಜಿಯ ಬೆರಳನ್ನು ಬಾಯಿಗಿಟ್ಟುಕೊಂಡು, ಸೂರು ಹಾರಿಹೋಗುವಂತೆ ಕಿರುಚಿದ.

ಚೆನ್ನಿ ನಗು ತಡೆಯಲಾರದೆ ಹುಣಸೆಹಣ್ಣು ಮುಂದೆ ಹಿಡಿದಳು.

"ನಿಮ್ಗೂ ಯೋಗ್ತೆ ಇಲ್ಲ ಕಣತ್ತೆ. ಮೊದ್ಲು ಕೈ ತೊಳ್ಕಂಬನ್ನಿ."