ಎರಡು ಡೈಮಂಡ್ ಅಂದರೆ ಏನು

ಎಲ್ಲಿಂದ ಶುರು ಮಾಡಲಿ? ಸಾವಿನಿಂದ ಶುರು ಮಾಡಿದರೆ ನೀವು ಕನಿಕರಪಟ್ಟು ಓದುತ್ತೀರಿ. ಅದು ಈ ಕಥೆಯವಳಿಗೆ ಬೇಡ. ಬ್ರಿಜ್ ಇಸ್ಪೀಟಾಟದ ನಿಯಮದಿಂದ ಶುರು ಮಾಡಿದರೆ ಓದುವುದೇ ಇಲ್ಲ. ಕುರ್ಚಿಯಿಂದ ಆಗಬಹುದು.

೧. ಕ್ಲಬ್ಬಿನಲ್ಲಿ ಕಿಟಕಿ ಪಕ್ಕದ ಮೇಜು. ಅವಳ ಎದುರಿನ ಕುರ್ಚಿಯಲ್ಲಿ ಗಂಡ ಕೂರುತ್ತಿದ್ದ. ಇವತ್ತು ಅವನ ಅಣ್ಣ ಕೂತಿದ್ದಾರೆ. ಅಕ್ಕಪಕ್ಕದಲ್ಲಿ ಎದುರಾಳಿಗಳು: ಹಲ್ಲಿನ ಡಾಕ್ಟರು, ಅವರ ಹೆಂಡತಿ. ಗಂಡ ಹೋದ ಮೇಲೆ ಅವಳು ಎಲೆ ಮುಟ್ಟುತ್ತಿರುವುದು ಇದೇ ಮೊದಲು. ಇವತ್ತು ಆಗದಿದ್ದರೆ ಇನ್ನು ಬರುವುದಿಲ್ಲ ಎಂದು ಭಾವನಿಗೆ ಹೇಳಿಯೇ ಬಂದಿದ್ದಾಳೆ.

"ನಿಮ್ಮಿಬ್ಬರ ಸಂಕೇತಗಳೆಲ್ಲ ನನ್ನ ತಲೆಗೆ ಹತ್ತಲ್ಲಮ್ಮ," ಎಂದಿದ್ದರು ಭಾವ. "ಇದ್ದದ್ದು ಇದ್ದ ಹಾಗೆ ಹೇಳೋಣ. ಡೈಮಂಡ್ ಅಂದ್ರೆ ಡೈಮಂಡ್."

"ಆಗಲಿ ಭಾವ."

೨. (ಎರಡೇ ನಿಯಮ, ಓಡಿಹೋಗಬೇಡಿ. ಆಟಕ್ಕೆ ಮುಂಚೆ ಎಲ್ಲರೂ ಸರದಿಯಲ್ಲಿ ಕೂಗುತ್ತಾರೆ. ಆ ಕೂಗಿನಿಂದಲೇ ಜೊತೆಗಾರರಿಗೆ ಕೈಯಲ್ಲಿರುವ ಎಲೆ ತಿಳಿಯಬೇಕು. ಗಂಡ 'ಒನ್ ನೋಟ್ರಂಪ್', ಅಂದರೆ ತುರುಫಿಲ್ಲದೆ ಆಡೋಣ, ಎಂದಾಗ ಅವಳು 'ಎರಡು ಡೈಮಂಡ್' ಎಂದರೆ, ನನ್ನ ಹತ್ತಿರ ಇರುವುದು ಡೈಮಂಡಲ್ಲ, ಆಟೀನು, ನೀನು ಆಟೀನು ಕೂಗು ಎಂದರ್ಥ. ಇನ್ನೊಂದು: ಅರ್ಥ ಏನೆಂದು ಎದುರಾಳಿ ಕೇಳಬಹುದು, ಆದರೆ ಹೇಳಬೇಕಾದವರು ಕೂಗಿದವರಲ್ಲ, ಅವರ ಜೊತೆಗಾರರು.)

೩. "ಒನ್ ನೋಟ್ರಂಪ್," ಎಂದರು ಭಾವ.

ಅವಳ ಕೈಯಲ್ಲಿ ಐದು ಆಟೀನು, ಎರಡು ಡೈಮಂಡ್. ಮಾಡಿಕೊಂಡ ಒಪ್ಪಂದ ಮರೆತೇ ಹೋಯಿತು. "ಎರಡು ಡೈಮಂಡ್."

ಹಲ್ಲಿನ ಡಾಕ್ಟರು ಭಾವನ ಕಡೆ ತಿರುಗಿದರು. "ಅಂದ್ರೆ ಏನು ಸ್ವಾಮಿ?"

"ಡೈಮಂಡ್ ಇದೆ ಅಂತ. ಇನ್ನೇನಿರತ್ತೆ?"

ಡಾಕ್ಟರು ಪಾಸ್. ಭಾವ ಪಾಸ್. ಡಾಕ್ಟರ ಹೆಂಡತಿ ಪಾಸ್. ಕೂಗು ಅಲ್ಲಿಗೇ ನಿಂತಿತು; ಇನ್ನು ಅವಳು ಡೈಮಂಡನ್ನೇ ತುರುಫಾಗಿಟ್ಟುಕೊಂಡು ಆಡಬೇಕು.

೪. ಇಲ್ಲಿ ಅವಳು ಅಳುತ್ತಾಳೆಂದು ಬರೆದಿದ್ದೆ. ಅವಳೇ ಒಪ್ಪಲಿಲ್ಲ. "ಎರಡು ಡೈಮಂಡ್ ಇಟ್ಕೊಂಡು ಎಂಟು ಸುತ್ತು ಗೆಲ್ಲಬೇಕು. ಅಳೋಕೆ ಪುರುಸೊತ್ತೆಲ್ಲಿದೆ? ಹೊಡೆದುಹಾಕಿ." ಹೊಡೆದುಹಾಕಿದೆ. ಭಾವ ತಮ್ಮ ಎಲೆ ಮೇಜಿನ ಮೇಲೆ ಹರಡಿದರು: ನಾಲ್ಕು ಆಟೀನು, ಒಂದಕ್ಕಿಂತ ಒಂದು ದೊಡ್ಡದು. ಅವಳು ಹೀನಾಯವಾಗಿ ಸೋತಳು.

"ಅವನಾಗಿದ್ರೆ ಏನಂತಿದ್ದ?" ಭಾವ ಮೆಲ್ಲಗೆ ಕೇಳಿದರು.

"ಎರಡು ಆಟೀನು."

"ಏನೂ ಕೇಳದೇನೇ?"

"ಹೂಂ."

"ನಮ್ಮನೇಲಿ ಕೇಳಿದ್ರೂ ಹೇಳಲ್ಲ," ಎಂದರು ಡಾಕ್ಟರ ಹೆಂಡತಿ. ಡಾಕ್ಟರು ಎಲೆ ಕಲೆಸುತ್ತಿದ್ದರು.

೫. ಮುಗಿಸುವುದು ಹೇಗೆ? ಭಾವ ಸಂಕೇತ ಕಲಿಯಬಹುದು. ಆಗ ಆ ಕುರ್ಚಿ ನಿಜಕ್ಕೂ ಭರ್ತಿಯಾಗುತ್ತದೆ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳುವುದನ್ನು ಕಲಿಯಬಹುದು. ಆಗ ಗಂಡನ ಜೊತೆ ಆಡುತ್ತಿದ್ದ ಕೊನೆಯ ಮಾತೂ ನಿಲ್ಲುತ್ತದೆ. ಎದ್ದು ಮನೆಗೆ ಹೋಗಬಹುದು. ಮೇಜಿನಡಿ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು.

ಅಷ್ಟರಲ್ಲಿ ಹೊಸ ಎಲೆ ಬಂತು. ಮತ್ತೆ ಐದು ಆಟೀನು. (ಹೌದು, ಹಂಚಿದವಳು ನಾನೇ.)

"ಒನ್ ನೋಟ್ರಂಪ್," ಭಾವನ ಕೂಗು.

ಅವಳಿಗೆ 'ಪಾಸ್' ಎಂದು ಬರೆದುಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಎರಡು ಡೈಮಂಡ್," ಎಂದಳು, ಈ ಸಲ ಬೇಕೆಂದೇ.

ಡಾಕ್ಟರು ಭಾವನ ಕಡೆ ತಿರುಗಿದರು. "ಅಂದ್ರೆ ಏನು ಸ್ವಾಮಿ?"

ನಿಯಮದ ಪ್ರಕಾರ ಅವಳು ಬಾಯಿ ಬಿಡುವಂತಿಲ್ಲ. ನಾನೂ ಬಿಡುವುದಿಲ್ಲ. ಭಾವ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದಾರೆ.