ಕಾಮಕಸ್ತೂರಿಗೆ ಮೂಗು ತಾಗಿದ ಹಬ್ಬ

ಬೆಲ್ಮೀರು ಬೆಟ್ಟಗಳಾಚೆಯ ತನ್ನ ಊರಿನಿಂದ ಬಸ್ಸು ಹತ್ತಿ ಲಿಸ್ಬನ್ನಿಗೆ ಬಂದದ್ದು ಒಂದೇ ಒಂದು ಮಾತು ಕೇಳುವುದಕ್ಕೆ. ಅರವತ್ನಾಲ್ಕರ ವಿಧುರ, ಊರಿಗೆಲ್ಲ ರೊಟ್ಟಿ ಸುಡುವವನು. ಕೇಳಬೇಕಾದವಳು ಇದಲೀನಾ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಜಪಮಾಲೆ ಕಲಿತವರು. ಅವಳು ಟ್ರಾಮ್ ಓಡಿಸುವವನ ಕೈಹಿಡಿದು ಈ ಪಟ್ಟಣ ಸೇರಿ ನಲವತ್ತು ವರ್ಷ; ಆತ ತೀರಿಕೊಂಡು ಆರು.

ಜೂನ್ ಹತ್ತು ಬಂದಿದ್ದರೂ ವಸಂತಕ್ಕೆ ಹೊರಡುವ ಮನಸ್ಸಿರಲಿಲ್ಲ. ಜಕರಂದದ ಹೂ ಮೆಟ್ಟಿಲ ತುಂಬ ಉದುರಿ, ತುಳಿದವರ ಕಾಲಿಗಂಟಿ ಮನೆಮನೆ ಹೊಗುತ್ತಿತ್ತು. ಸಂತ ಅಂತೋಣಿಯ ಹಬ್ಬಕ್ಕೆ ಇನ್ನು ಮೂರೇ ದಿನ. ಬೆಲ್ಮೀರು ಕಾಮಕಸ್ತೂರಿಯ ಪುಟ್ಟ ಕುಂಡ ಕೊಂಡ. ಚೆಂಡಿನಂಥ ದುಂಡು ಗಿಡ, ನಡುವೆ ಕಾಗದದ ಹೂ. ಈ ಹಬ್ಬದಲ್ಲಿ ಗಂಡು ಹೆಣ್ಣಿಗೆ ಅದನ್ನು ಕೊಟ್ಟನೆಂದರೆ ಬಾಯಿಬಿಟ್ಟು ಹೇಳಬೇಕಾದ್ದೇನೂ ಉಳಿಯುವುದಿಲ್ಲ. ಆದರೂ ಅವನು ಇದಲೀನಾಳ ಬಾಗಿಲಿಗೆ ಹೋಗಿ, ಕುಂಡ ಕೈಗಿತ್ತು ಹೇಳಿದ.

"ಉಳಿದಷ್ಟು ದಿನ ಒಟ್ಟಿಗಿರೋಣವಾ, ಇದಲೀನಾ? ನೀನಲ್ಲಿಗೆ ಬಂದರೂ ಸೈ, ನಾನಿಲ್ಲಿಗೆ ಬಂದರೂ ಸೈ."

"ಹಬ್ಬದ ದಿನ ಸಂತನ ಮೆರವಣಿಗೆ ನನ್ನ ಬಾಗಿಲು ದಾಟಲಿ, ಆಮೇಲೆ ಹೇಳ್ತೀನಿ," ಎಂದಳು. "ಅಲ್ಲೀತನಕ ಸುಮ್ನೆ ಕೂರಬೇಡ ಮಾರಾಯ, ಮೀನಿಗೆ ಉಪ್ಪು ಹಚ್ಚು."

ಹಬ್ಬಕ್ಕೆ ಅವಳು ಬಾಗಿಲ ಮುಂದೆ ಕೆಂಡ ಹಾಕಿ ಬೂತಾಯಿ ಮೀನು ಸುಟ್ಟು ಮಾರುವವಳು. ಅವನು ಬುಟ್ಟಿಗಟ್ಟಲೆ ಮೀನಿಗೆ ಉಪ್ಪು ಹಚ್ಚಿದ. ಕೈ ಬಿಡುವಾದಾಗ ಅವಳ ಕಿಟಕಿಯ ಕಟ್ಟೆಯ ಮೇಲಿನ ಕುಂಡದತ್ತ ಬಾಗಿ, ಕಣ್ಮುಚ್ಚಿ ಘಮ ಎಳೆದುಕೊಂಡ.

"ಅಯ್ಯೋ! ಮೂಗಿಟ್ಟೇಬಿಟ್ಟ!" ಎದುರು ಮನೆಯ ಝುಲ್ಮೀರಾ ಕೂಗಿಕೊಂಡಳು. ಅವಳ ಮನೆಯಲ್ಲೇ ಅವನು ಇಳಿದುಕೊಂಡದ್ದು. "ಬೆಟ್ಟದ ಹೋತ ಬಾಯಿ ಹಾಕಿದ ಹಾಗೆ!"

ಕಾಮಕಸ್ತೂರಿಯನ್ನು ಅಂಗೈಯಿಂದ ಸವರಿ ಅಂಗೈ ಮೂಸಬೇಕು. ಮೂಗು ತಾಗಿದರೆ ಗಿಡ ಒಣಗುತ್ತದೆ. ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತು.

"ಕೈಗೇನಾಗಿತ್ತು ನಿಂಗೆ?" ಇದಲೀನಾ ಕೇಳಿದಳು.

"ಕೈಯೆಲ್ಲ ನಿನ್ನ ಮೀನೇ ಕಣೇ. ಅಂಗೈ ಮೂಸಿದರೆ ಸಮುದ್ರ ಬರುತ್ತೆ, ಕಾಮಕಸ್ತೂರಿ ಎಲ್ಲಿಂದ ಬರಬೇಕು?"

ಅವಳು ಇನ್ನೊಂದು ಬುಟ್ಟಿ ಮೀನು ಅವನ ಮುಂದಿಟ್ಟಳು. ಮರುದಿನ ಗಿಡ ಒಂದು ಮಗ್ಗುಲು ಬಾಗಿತ್ತು. ಬೆಲ್ಮೀರು ನೀರೆರೆದ, ನೆರಳಿಗಿಟ್ಟ, ಮತ್ತೆ ಬಿಸಿಲಿಗಿಟ್ಟ. ಕೊನೆಗೆ ಚರ್ಚಿಗೆ ಹೋಗಿ ಸಂತನ ಮುಂದೆ ಕೂತ. 'ಕಳೆದದ್ದನ್ನು ಹುಡುಕಿಕೊಡುವವನು ನೀನು ತಂದೆ. ನಾನೇನೂ ಕಳೆದುಕೊಂಡಿಲ್ಲ, ಇನ್ನೂ ಸಿಕ್ಕಿಲ್ಲ, ಅಷ್ಟೆ.' ಹೇಳಿಕೊಂಡ ಮೇಲೆ ಎದೆ ಹಗುರಾಯಿತು. ಕೊಡುವುದಾದರೆ ಕೊಡುತ್ತಾನೆ, ಇಲ್ಲವೆಂದರೂ ಇದಲೀನಾಳ ಬಾಗಿಲಲ್ಲಿ ಮೂರು ದಿನ ಕೂತದ್ದು ಸುಳ್ಳಾಗುವುದಿಲ್ಲ. ಹೊರಗೆ ನದಿ ಹೊಳೆಯುತ್ತಿತ್ತು. ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತು ನೋಡಿದ.

ಹಬ್ಬದ ಸಂಜೆ, ಬಿಸಿಲಿನ್ನೂ ಇರುವಾಗಲೇ ಸಂತ ಬಂದ. ಕೈಯಲ್ಲಿ ಬಾಲಯೇಸು, ಮುಂದೆ ಮಕ್ಕಳ ಹಾಡು. ಇದಲೀನಾ ಮಂಡಿಯೂರಿ ಶಿಲುಬೆಯ ಗುರುತು ಹಾಕಿಕೊಂಡಳು. ಮೆರವಣಿಗೆ ಓಣಿಯ ತಿರುವು ದಾಟಿತು. ಅವಳು ಎದ್ದು ಕಿಟಕಿಯ ಹತ್ತಿರ ಹೋದಳು. ಗಿಡ ಅರ್ಧ ಬಾಡಿ, ಅರ್ಧ ಹಸಿರಾಗಿತ್ತು.

ಅವಳು ಕನ್ನಡಕ ತೆಗೆದಳು. ಬಾಗಿ, ಗಿಡದೊಳಗೆ ಮೂಗು ಪೂರ್ತಿ ಹುದುಗಿಸಿ ಮೂಸಿದಳು.

"ಇವಳಿಗೂ ಮಂಕು ಬಡೀತು!" ಎಂದು ಝುಲ್ಮೀರಾ ಹಣೆ ಚಚ್ಚಿಕೊಂಡಳು.

"ಈಗ ತಪ್ಪು ಇಬ್ಬರದೂ ಆಯ್ತು," ಎಂದಳು ಇದಲೀನಾ. "ಒಣಗಿದರೆ ಇಬ್ಬರಿಗೂ ಒಣಗಲಿ, ಚಿಗುರಿದರೆ ಇಬ್ಬರಿಗೂ ಚಿಗುರಲಿ."

"ಅಂದರೆ?"

"ಅಂದರೆ ಕೈ ತೊಳ್ಕೊಂಡು ಬಾ. ನಾಳೆ ಪಾದ್ರಿಯ ಹತ್ತಿರ ಹೋಗೋಣ. ಮೀನು ನಾರಿಕೊಂಡು ಬಂದರೆ ಅವರೂ ಮೂಗು ಮುಚ್ಕೋತಾರೆ."

ಬೆಲ್ಮೀರು ನಿಂಬೆಹೋಳು ಹಚ್ಚಿ ಮೂರು ಸಲ ಕೈ ತಿಕ್ಕಿದ. ವಾಸನೆ ಪೂರ್ತಿ ಹೋಗಲಿಲ್ಲ. ಹೋಗಬೇಕೆಂದು ಅವನಿಗೂ ಅನಿಸಲಿಲ್ಲ.