ನೀರು ನಿಂತ ಎತ್ತರ

"ಮೊದಲು ಗೋಡೆ ನೋಡು. ಆಮೇಲೆ ಬೇಕಾದ್ರೆ ಬೈಯಿ," ಎಂದು ಅಕ್ಕ ಬೀಗ ತೆಗೆದು ಪಕ್ಕಕ್ಕೆ ಸರಿದಳು.

ಕೋಣೆ ರಸ್ತೆಗಿಂತ ತಗ್ಗಿನಲ್ಲಿತ್ತು. ಫುಟ್‌ಪಾತಿನಿಂದ ಮೆಟ್ಟಿಲಿಳಿದರೆ ಬಾಗಿಲು. ಒಳಗೆ ಸೂರಿನ ಹತ್ತಿರ ಅಡ್ಡಕ್ಕೆ ಒಂದು ಉದ್ದನೆಯ ಕಿಟಕಿ, ಅದರಾಚೆ ಓಡಾಡುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ತಮ್ಮ ಒಳಗೆ ಬರದೆ ಮೆಟ್ಟಿಲ ಮೇಲೇ ನಿಂತ. ಹೋದ ವಾರವಷ್ಟೇ ಅವನು ಬಣ್ಣದ ಬಕೆಟ್ ಹಿಡಿದು ಇದೇ ಮೆಟ್ಟಿಲುಗಳನ್ನು ಹತ್ತಿ ಇಳಿದಿದ್ದ.

"ಯಾಕೋ ಸುಣ್ಣ, ದೆವ್ವ ಕಂಡೋನ ಹಾಗೆ ನಿಂತ್ಬಿಟ್ಟೆ?"

ಚಿಕ್ಕಂದಿನಲ್ಲಿ ಅವನಿಗೆ ಗೋಡೆಯ ಸುಣ್ಣ ಕೆರೆದು ತಿನ್ನುವ ಚಟವಿತ್ತು. ಅಮ್ಮ ಬೈದರೂ ಬಡಿದರೂ ಬಿಡದ ಚಟ ಒಂದು ದಿನ ತಾನಾಗಿ ಬಿಟ್ಟುಹೋಯಿತು, ಹೆಸರು ಮಾತ್ರ ಅಂಟಿಕೊಂಡಿತು. ಅವನು ಪೇಂಟಿಂಗ್ ಕೆಲಸಕ್ಕೆ ಸೇರಿದಾಗ, "ತಿಂದದ್ದನ್ನೆಲ್ಲ ವಾಪಸ್ ಬಳೀತಾ ಇದ್ದಾನೆ" ಎಂದು ಅಕ್ಕ ಬಂದವರಿಗೆಲ್ಲ ಹೇಳಿ ನಗಿಸಿದ್ದಳು.

ಅಕ್ಕ ಟೈಲರ್. ಮದುವೆಯಾದ ಮೇಲೆ ಅವಳ ಹೊಲಿಗೆಯೆಲ್ಲ ನಡೆದದ್ದು ಅತ್ತೆಯ ಮಂಚಕ್ಕೂ ಬಚ್ಚಲಿನ ಬಾಗಿಲಿಗೂ ನಡುವಿನ ಇಕ್ಕಟ್ಟಿನಲ್ಲಿ. ಯಾರಾದರೂ ಬಚ್ಚಲಿಗೆ ಹೋಗಬೇಕೆಂದರೆ ಅವಳು ಎದ್ದು ಸ್ಟೂಲ್ ಎತ್ತಿ ದಾರಿ ಬಿಡಬೇಕು. "ನಿನಗೆ ಅಂತ ಒಂದು ಜಾಗ ನೋಡ್ಕೊಳ್ಳೇ" ಎಂದು ವರ್ಷಗಳಿಂದ ಅವಳ ಬೆನ್ನು ಹತ್ತಿದವನು ತಮ್ಮನೇ. ಈಗ ಒಂದು ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸ ಅವಳ ಕೈಗೆ ಬಂದಿತ್ತು. ತಮ್ಮನನ್ನು ಬೆರಗುಗೊಳಿಸಬೇಕೆಂದು, ಮುಂಗಡ ಕೊಟ್ಟು ಬೀಗದ ಕೈ ಸಿಗುವವರೆಗೂ ಬಾಯಿ ಬಿಟ್ಟಿರಲಿಲ್ಲ.

"ನಾಲ್ಕಾರು ಕಡೆ ನೋಡಿದೆ. ಎಲ್ಲಾ ಕಡೆ ಗೋಡೆ ಕಜ್ಜಿ ಹಿಡಿದ ಹಾಗಿತ್ತು. ಇದನ್ನ ನೋಡಿದ ತಕ್ಷಣ ಒಪ್ಕೊಂಡ್ಬಿಟ್ಟೆ. ಯಾರು ಬಳಿದಿದ್ದಾರೋ, ಕೈ ಚೆನ್ನಾಗಿದೆ. ಒಂದು ಕಲೆ ಇಲ್ಲ. ನಿನಗಿಂತ ಒಂದು ಕೈ ಮೇಲು, ಅಲ್ವಾ?"

ಸ್ವಿಚ್ ಬೋರ್ಡಿನ ಕೆಳಗೆ ಬಣ್ಣದಲ್ಲಿ ಬ್ರಷ್ಷಿನ ಒಂದು ಕೂದಲು ಸಿಕ್ಕಿಕೊಂಡಿತ್ತು. ಅವನು ಅದನ್ನೇ ನೋಡುತ್ತಿದ್ದ.

"ತಗ್ಗಿನಲ್ಲಿದೆಯಲ್ಲ, ನೀರು ಗೀರು ಬರುತ್ತಾ ಅಂತ ಓನರನ್ನ ಕೇಳಿದೆ. ಯಾವ ಕಾಲದಲ್ಲೋ ಒಂದ್ಸಲ ಬಂದಿತ್ತಂತೆ. ನೀನು ಹೇಳು. ಗೋಡೆ ಹೊಟ್ಟೆಯೊಳಗಿರೋದೆಲ್ಲ ನಿನಗೆ ಗೊತ್ತಾಗುತ್ತೆ. ಒದ್ದೆ ಏನಾದ್ರೂ ಇದೆಯಾ?"

ಅವನು ಒಳಗೆ ಬಂದು ಗೋಡೆಗೆ ಅಂಗೈ ಒತ್ತಿದ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರು ನಾಡಿ ಹಿಡಿದಾಗ ಮನೆಯವರು ನೋಡುವ ಹಾಗೆ.

"ಒಣಗಿದೆ ಅಕ್ಕ," ಅಂದ.

ಅದು ಸುಳ್ಳಲ್ಲ. ಗೋಡೆ ನಿಜಕ್ಕೂ ಒಣಗಿತ್ತು. ದಾರಿಯುದ್ದಕ್ಕೂ ಅದನ್ನೇ ತನಗೆ ತಾನು ಹೇಳಿಕೊಂಡು ಮನೆ ಸೇರಿದ.

ನೀರು ನಿಂತು ಇಳಿದ ಗೋಡೆಯ ಮೇಲೆ ಕಂದು ಬಣ್ಣದ ಒಂದು ಗೆರೆ ಉಳಿಯುತ್ತದೆ. ಬರೀ ಬಣ್ಣ ಹೊಡೆದರೆ ಒಂದು ತಿಂಗಳಲ್ಲಿ ಅದು ಮತ್ತೆ ಮೇಲೆ ಬರುತ್ತದೆ. ಮೊದಲು ಆಯಿಲ್ ಪ್ರೈಮರ್ ಬಳಿದು ಬಾಯಿ ಮುಚ್ಚಿಸಬೇಕು, ಆಮೇಲೆ ಪುಟ್ಟಿ, ಉಪ್ಪು ಕಾಗದದ ಉಜ್ಜು, ಕೊನೆಗೆ ಬಣ್ಣ. ಇದನ್ನು ಕಲಿಸಿದ ಮೇಸ್ತ್ರಿ, "ಕಲಿತಿರು, ಆದ್ರೆ ಇದರಿಂದ ಹೊಟ್ಟೆ ತುಂಬಲ್ಲಪ್ಪ. ಇಂಥ ಮಳೆ ಎಲ್ಲಿ ದಿನಾ ಬರುತ್ತೆ?" ಎಂದಿದ್ದ. ಅದು ದೊಡ್ಡ ಮಳೆಯ ವರ್ಷ. ಆಗ ದೊಡ್ಡ ಮಳೆ ಎಂದರೆ ಸಾಕು, ಇಡೀ ನಗರಕ್ಕೆ ಯಾವುದೆಂದು ತಿಳಿಯುತ್ತಿತ್ತು. ಮದುವೆ, ಸಾವು, ಮಕ್ಕಳ ವಯಸ್ಸು ಎಲ್ಲವನ್ನೂ ಜನ ಅದರ ಹಿಂದೆ ಮುಂದೆ ಇಟ್ಟು ಹೇಳುತ್ತಿದ್ದರು. ಈಗ ಹಾಗೆಂದರೆ "ಯಾವ ದೊಡ್ಡ ಮಳೆ?" ಎಂದು ಕೇಳುತ್ತಾರೆ.

ಹಿಂದೆ ಮಳೆಗಾಲವೆಂದರೆ ಪೇಂಟರುಗಳಿಗೆ ಇಸ್ಪೀಟಿನ ಕಾಲ. ಈಗ ಒಂದು ಜೋರು ಮಳೆಯಾಗಿ ಬಿಸಿಲು ಬಂದರೆ ಸಾಕು, ತಗ್ಗಿನ ಬೀದಿಗಳಿಂದ ಅವನ ಫೋನಿಗೆ ಬಿಡುವಿಲ್ಲ. ವರ್ಷದ ಒಟ್ಟು ಮಳೆ ಅಷ್ಟೇನೂ ಹೆಚ್ಚಿಲ್ಲ, ವಾರಗಟ್ಟಲೆ ಬೀಳಬೇಕಾದದ್ದು ಒಂದೇ ಮಧ್ಯಾಹ್ನ ಬೀಳುತ್ತಿದೆ, ಅಂಥ ದಿನಗಳು ಬರಬರುತ್ತ ಹೆಚ್ಚಾಗುತ್ತಿವೆ ಎಂದು ಟೀವಿಯಲ್ಲಿ ಒಬ್ಬಾಕೆ ಹೇಳುತ್ತಿದ್ದಳು. "ನಿಮಗೇನು ಬಿಡಿ, ಸುಗ್ಗಿ" ಎಂದಿದ್ದಳು ಹೆಂಡತಿ. ಅವನು ನಕ್ಕಿದ್ದ. ಆ ನಗು ಈಗ ನೆನಪಾದರೆ ಕಿವಿ ಬಿಸಿಯಾಗುತ್ತಿತ್ತು.

ಆ ಕೋಣೆಯ ಗೆರೆಗಳೆಲ್ಲ ಅವನಿಗೆ ಕಂಠಪಾಠ. ಮೊದಲನೆಯದು ಹಿಮ್ಮಡಿಯ ಹತ್ತಿರ. ಬಹಳ ವರ್ಷಗಳ ನಂತರದ ಎರಡನೆಯದು ಅದಕ್ಕಿಂತ ಗೇಣು ಮೇಲೆ. ಆಮೇಲಿನವು ಒಂದರ ಹಿಂದೊಂದು ಬೇಗ ಬೇಗ ಬಂದವು, ಈಚಿನದು ಮೊಣಕಾಲಿಗೆ. ಪ್ರತಿಸಲವೂ ಅವನೇ ಮುಚ್ಚಿದ್ದ. ಬಾಡಿಗೆಗೆ ಬಂದವರ ಮುಖ ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಅವರು ಬರುವುದು ಅವನು ಬಕೆಟ್ ತೊಳೆದು ಹೋದ ಮೇಲೆ.

ಹೇಳಬೇಕೆಂದು ಮತ್ತೆ ಮತ್ತೆ ಹೋದ. ಒಮ್ಮೆ ಹೋದಾಗ ಅಕ್ಕ ಹೊಸ ಬೋರ್ಡಿಗೆ ಯಾವ ಬಣ್ಣ ಚೆಂದ ಎಂದು ಕೇಳಿದಳು. ಇನ್ನೊಮ್ಮೆ ಬಾಗಿಲಲ್ಲಿ ಗಿರಾಕಿಗಳಿದ್ದರು. ಮತ್ತೊಮ್ಮೆ ಯಾರೂ ಇರಲಿಲ್ಲ, ಅಕ್ಕ ಒಬ್ಬಳೇ ಏನೋ ಗುನುಗುತ್ತ ಕಾಜಾ ಹಾಕುತ್ತಿದ್ದಳು. ಅವಳು ಗುನುಗಿದ್ದನ್ನು ಅವನು ಕೇಳಿ ಯಾವ ಕಾಲವಾಗಿತ್ತೋ. ಸುಮ್ಮನೆ ಕೂತು ಎದ್ದುಬಂದ.

ಕೊನೆಗೆ ಒಂದು ಭಾನುವಾರ ಎತ್ತರದ ಗೋಡೆಗೆ ಬಳಿಯುವಾಗ ಹತ್ತಿ ನಿಲ್ಲುವ ತನ್ನ ಸಾರುವೆ ಹಲಗೆಗಳನ್ನು ಹೊತ್ತು ತಂದು, ಗೋಡೆಯುದ್ದಕ್ಕೂ ಗೂಟ ನಿಲ್ಲಿಸಿ ಜಗಲಿಯಂಥದೊಂದನ್ನು ಕಟ್ಟಿದ. ಮಷಿನ್, ಬಟ್ಟೆಯ ಗಂಟು, ಸ್ಟೂಲ್ ಎಲ್ಲ ಅದರ ಮೇಲೆ.

"ಏನೋ ಇದು? ನಾನೇನು ನಾಟಕ ಆಡ್ತೀನಾ, ಸ್ಟೇಜ್ ಕಟ್ಟಿದ್ದೀಯ?"

"ಕಿಟಕಿ ಮೇಲಿದೆಯಲ್ಲಕ್ಕಾ. ಬೆಳಕು ಚೆನ್ನಾಗಿ ಬೀಳುತ್ತೆ. ಬಟ್ಟೆ ಮಾತ್ರ ಕೆಳಗೆ ಇಡಬೇಡ. ಇಲಿ."

"ಇಲಿಗೆ ಹತ್ತೋಕೆ ಬರಲ್ವಾ?" ಎಂದು ಅಕ್ಕ ನಕ್ಕಳು. ಆದರೂ ಹತ್ತಿ ಕೂತು, ಬಂದವರಿಗೆಲ್ಲ "ನನ್ನ ತಮ್ಮ ಕಟ್ಟಿದ್ದು" ಎಂದು ತೋರಿಸುತ್ತಿದ್ದಳು. ಅದನ್ನು ಕೇಳಿದಾಗೆಲ್ಲ ಅವನಿಗೆ ಎಲ್ಲಾದರೂ ಎದ್ದು ಹೋಗಬೇಕೆನಿಸುತ್ತಿತ್ತು.

ಮಳೆ ಬಂದದ್ದು ಊಟದ ಹೊತ್ತಿಗೆ. ಅವನು ನಗರದ ಇನ್ನೊಂದು ತುದಿಯಲ್ಲಿ ಒಂದು ಮನೆಯ ಸೂರಿಗೆ ಬಣ್ಣ ಹೊಡೆಯುತ್ತಿದ್ದ. ಹಗಲಲ್ಲೇ ಲೈಟ್ ಹಾಕಬೇಕಾಯಿತು. ಮಾಳಿಗೆಯ ಮೇಲೆ ಜಲ್ಲಿ ಸುರಿದ ಹಾಗೆ ಸದ್ದು ಶುರುವಾಗಿ ನಿಲ್ಲಲೇ ಇಲ್ಲ. ಬ್ರಷ್ಷನ್ನು ತೊಳೆಯದೆ ಬಕೆಟ್ಟಿನಲ್ಲೇ ಬಿಟ್ಟು ಹೊರಟ. ಕೆಲಸ ಕಲಿತಾಗಿನಿಂದ ಹಾಗೆ ಮಾಡಿದವನಲ್ಲ. ಬಸ್ಸು ಅರ್ಧ ದಾರಿಯಲ್ಲಿ ನಿಂತಿತು. ಮೋರಿಯ ಮುಚ್ಚಳಗಳಿಂದ ನೀರು ಕುದಿಯುವಂತೆ ಮೇಲೆ ಬರುತ್ತಿತ್ತು. ಉಳಿದ ದಾರಿಯನ್ನು ನಡೆದ, ಓಡಿದ, ಕೊನೆಕೊನೆಗೆ ನೀರಿನಲ್ಲಿ ಕಾಲೆಳೆದುಕೊಂಡು ಹೋದ.

ಅಕ್ಕ ಕೋಣೆಯಲ್ಲಿ ಹಲಗೆಯ ಮೇಲೆ ನಿಂತು, ಸೂರಿನ ಕಿಟಕಿಯಿಂದ ಯೂನಿಫಾರ್ಮುಗಳನ್ನು ಹೊರಗೆ ತೂರುತ್ತಿದ್ದಳು. ಫುಟ್‌ಪಾತಿನಲ್ಲಿ ಇಬ್ಬರು ಅಪರಿಚಿತರು ಮಂಡಿಯೂರಿ ತೆಗೆದುಕೊಳ್ಳುತ್ತಿದ್ದರು. ಅವನು ಒಳಗೆ ಧುಮುಕಿದಾಗ ನೀರು ಹಲಗೆಯ ಅಂಚನ್ನು ನೆಕ್ಕುತ್ತಿತ್ತು.

"ಬಂದ್ಯಾ? ನಿನ್ನ ಸ್ಟೇಜ್ ಇರದಿದ್ರೆ ಎಲ್ಲಾ ಹೋಗ್ತಿತ್ತು ಕಣೋ," ಅಂದಳು ಅಕ್ಕ, ಏದುಸಿರಿನಲ್ಲಿ.

ಅವನು ಒಂದು ಗಂಟನ್ನೆತ್ತಿ ಅವಳ ಕೈಗೆ ಕೊಟ್ಟ. ಇಲ್ಲಿಗೆ ನಿಲ್ಲಬೇಕು, ಇಲ್ಲಿಗೆ ನಿಲ್ಲಬೇಕು ಎಂದು ಅವನ ಮನಸ್ಸು ಬಡಿದುಕೊಳ್ಳುತ್ತಿತ್ತು. ನಿಲ್ಲಲಿಲ್ಲ. ನೀರು ಹಲಗೆಯ ಮೇಲೆ ಹತ್ತಿತು, ಉಳಿದ ಗಂಟುಗಳ ಬುಡಕ್ಕೆ ಇಳಿಯಿತು, ಮಷಿನ್ನಿನ ಕೆಳಗಿದ್ದ ಮೋಟಾರನ್ನು ಮುಳುಗಿಸಿತು. ಇಬ್ಬರೂ ಸೇರಿ ಮಷಿನ್ ಎತ್ತಿ ಮೆಟ್ಟಿಲ ಮೇಲೆ ತರುವಷ್ಟರಲ್ಲಿ ನೀರು ಸೊಂಟದ ಹತ್ತಿರ ಬಂದಿತ್ತು.

ಮರುದಿನ ಬೆಳಿಗ್ಗೆ ನೀರು ಇಳಿದು ಕೆಸರು ಉಳಿದಿತ್ತು. ಇಬ್ಬರೂ ಸೇರಿ ಕೆಸರು ಎಳೆದು ಹಾಕಿದರು. ಅಕ್ಕ ಹಲಗೆಯ ತುದಿಗೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಕೈ ಸುಮ್ಮನೆ ಹಲಗೆಯ ಅಂಚಿನ ಮೇಲೆ ಆಡುತ್ತಿತ್ತು.

"ಇದರ ಎತ್ತರಕ್ಕೆ ಯಾವ ಅಳತೆ ಹಿಡಿದೆ?"

"ಹಾಗೇ... ಅಂದಾಜು."

"ನೀನು ಅಂದಾಜಲ್ಲಿ ಒಂದು ಮೊಳೆನೂ ಹೊಡೆಯೋನಲ್ಲ."

ಗೋಡೆಯ ಬಣ್ಣ ನೀರು ಕುಡಿದು ಉಬ್ಬಿತ್ತು. ಅಕ್ಕ ಒಂದು ಉಬ್ಬಿಗೆ ಉಗುರು ಹಾಕಿದಳು. ಪುಟ್ಟಿಯ ಸಮೇತ ಅದು ಹಾಳೆಯ ಹಾಗೆ ಬಿಟ್ಟುಕೊಂಡು ಬಂತು. ಅದರಡಿ ಹಲಗೆಗೆ ಸರಿಯಾಗಿ ಕೆಳಗೆ ಕಂದು ಗೆರೆ. ಬಗ್ಗಿ ಇನ್ನಷ್ಟು ಎಳೆದಳು. ಅದರ ಕೆಳಗೆ ಇನ್ನೊಂದು, ಮತ್ತೊಂದು. ಮೇಲಿನ ಗೆರೆಗೂ ಹಲಗೆಗೂ ನಡುವೆ ಬೆರಳುಗಳನ್ನು ಜೋಡಿಸಿಟ್ಟು ನೋಡಿದಳು. ನಾಲ್ಕು ಬೆರಳು. ಆ ಬೆರಳುಗಳನ್ನೇ ಸ್ವಲ್ಪ ಹೊತ್ತು ನೋಡಿದಳು.

"ನಾನು ಕೇಳಿದ್ನಲ್ಲೋ," ಅಂದಳು ಮೆಲ್ಲಗೆ. "ಇಲ್ಲೇ ನಿಂತುಕೊಂಡು."

ಅವಳು ಕೂಗಾಡಿದ್ದರೆ, ಪೊರಕೆ ಎಸೆದಿದ್ದರೆ ಅವನು ಉಳಿಯುತ್ತಿದ್ದನೇನೋ. ಅಕ್ಕ ಎದ್ದಳು. ರವಿಕೆಗೆ ಸಿಕ್ಕಿಸಿದ್ದ ಚೀಲದಿಂದ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದು, ನೀರು ನಿಂತಿದ್ದ ಎತ್ತರಕ್ಕೆ, ಬಾಗಿಲ ಪಕ್ಕದಿಂದ ಕಿಟಕಿಯಿದ್ದ ಗೋಡೆಯ ಮೂಲೆಯವರೆಗೆ ಗೆರೆ ಎಳೆಯುತ್ತ ಹೋದಳು. ತೋಳಿನ ಬಟ್ಟೆ ಕತ್ತರಿಸುವ ಮುಂಚೆ ಎಳೆಯುವ ಹಾಗೆ.

"ಊಟ ಮಾಡ್ಕೊಂಡು ಹೋಗು. ಭಾವ ಕಾಯ್ತಿರ್ತಾರೆ," ಎಂದು ಮೆಟ್ಟಿಲ ಮೇಲಿದ್ದ ಮಷಿನ್ನಿನ ಒಂದು ತುದಿ ಹಿಡಿದಳು. ಸುಣ್ಣ ಎಂದು ಕರೆಯಲಿಲ್ಲ.

ಮಷಿನ್ ಮತ್ತೆ ಅತ್ತೆಯ ಮಂಚದ ಪಕ್ಕಕ್ಕೆ ಹೋಯಿತು.

ಬಿಸಿಲು ಬಿದ್ದ ಮೇಲೆ ಓನರ್ ಫೋನ್ ಮಾಡಿದರು. "ನಿಮ್ಮಕ್ಕ ಅಂತ ನನಗೇನಪ್ಪ ಗೊತ್ತು? ನಾನೇನು ಮೋಡ ಬಾಡಿಗೆಗೆ ತಂದು ಸುರಿಸಿದ್ನಾ? ಇವತ್ತು ಸಂಜೆ ಯಾರೋ ನೋಡೋಕೆ ಬರ್ತಾರೆ. ಪುಸ್ತಕ ಬೈಂಡ್ ಮಾಡೋರಂತೆ. ಒಂದು ಕೈ ಹೊಡೆದುಬಿಡು."

ಬರುವುದಿಲ್ಲ ಎನ್ನಬೇಕೆಂದುಕೊಂಡವನು "ಆಯ್ತು ಸಾರ್" ಎಂದುಬಿಟ್ಟ. ಮಾತು ಅಭ್ಯಾಸಬಲದಿಂದ ತಾನಾಗಿ ಬಂದಿತ್ತು.

ಚಾಕಿನ ಗೆರೆಯ ಕೆಳಗೆ ಉಬ್ಬಿದ್ದ ಗೋಡೆಯನ್ನು ಕೆರೆದ. ಉಜ್ಜಿದ. ಮೇಲಿನಿಂದ ಬಳಿಯುತ್ತ ಬಂದ. ಚಾಕಿನ ಗೆರೆ ಎದುರಾದಾಗ ಬ್ರಷ್ ನಿಂತಿತು. ದೊಡ್ಡ ಬ್ರಷ್ ಇಟ್ಟು, ಕಿಟಕಿಯ ಅಂಚಿಗೆಂದು ಇಟ್ಟುಕೊಂಡಿದ್ದ ಸಣ್ಣದನ್ನು ತೆಗೆದ. ಗೆರೆಯ ಮೇಲಂಚಿಗೆ ಬಳಿದ, ಕೆಳಂಚಿಗೆ ಬಳಿದ. ಗೆರೆಗೆ ತಾಗಿಸಲಿಲ್ಲ. ಕೆಳಗೆ ಮೊಣಕಾಲಿನದಕ್ಕೂ ಹಾಗೆಯೇ, ಅದರ ಕೆಳಗಿನವುಗಳಿಗೂ ಹಾಗೆಯೇ. ಬೆಳ್ಳನೆ ಗೋಡೆಯ ಮೇಲೆ ಅವು ಎದ್ದು ಕಾಣುತ್ತಿದ್ದವು.

ಮೆಟ್ಟಿಲ ಮೇಲೆ ಓನರ ಚಪ್ಪಲಿಯ ಸದ್ದಾಯಿತು. ಅದರ ಹಿಂದೆ ಇನ್ನೊಂದು, ಪರಿಚಯವಿಲ್ಲದ್ದು, ಮೆಟ್ಟಿಲು ಮೆಟ್ಟಿಲಿಗೂ ತಡೆದು ತಡೆದು ಇಳಿಯುತ್ತಿತ್ತು. ಅವನು ಬಕೆಟ್ಟನ್ನು ಬದಿಗೆ ಸರಿಸಿ, ಗೋಡೆಯ ಗೆರೆಗಳಿಗೆ ತಾನು ಅಡ್ಡವಾಗದ ಹಾಗೆ ಮೂಲೆಗೆ ಹೋಗಿ ನಿಂತ.